ರುಹಿ ಕತ್ತರಿಸಿದ ಪೈಲ್ವಾನ

ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಏಳೂವರೆಯ ಗದಗ ಬಸ್ಸು ಹತ್ತುವಾಗ ರುಹಿಯ ಬಗಲಲ್ಲಿದ್ದ ಉದ್ದನೆಯ ರಟ್ಟಿನ ಕೊಳವೆ, ಮುಂದೆ ಹತ್ತುತ್ತಿದ್ದ ಮನುಷ್ಯನಿಗೆ ಎಲ್ಲಿ ಚುಚ್ಚಬಾರದೋ ಕರಾರುವಾಕ್ಕಾಗಿ ಅಲ್ಲೇ ಚುಚ್ಚಿತು. ಆತ ಎರಡು ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಿದ. ಹಿಂದಿದ್ದ ಕಾಲೇಜು ಹುಡುಗಿಯರು ಕಿಸಕ್ಕೆಂದರು. ಗಾಬರಿಯಲ್ಲಿ ಕೊಳವೆಯನ್ನು ಹಿಂದಕ್ಕೆ ಎಳೆದುಕೊಂಡರೆ ಅದರ ಇನ್ನೊಂದು ತುದಿ ಕಾಯಿಪಲ್ಲೆ ಮಾರುವ ಅಮೃತವ್ವನ ಬುಟ್ಟಿಗೆ ಬಡಿದು, ಬದನೆಕಾಯಿಗಳು ಬಸ್ಸಿನ ಗಾಲಿಯತ್ತ ಮೆರವಣಿಗೆ ಹೊರಟವು. ಸಾರಿ ಎನ್ನಲು ಹೋಗಿ ರುಹಿಯ ಬಾಯಿಂದ ಬಂದದ್ದು ‘ಥ್ಯಾಂಕ್ಸ್ ರೀ’.

ಚುಚ್ಚಿಸಿಕೊಂಡವ ತಿರುಗಿದ. ಬಸ್ಸಿನ ಬಾಗಿಲು ಎಷ್ಟಿತ್ತೋ ಅಷ್ಟೇ ಅಗಲ ಇದ್ದ. ಕುಸ್ತಿಯ ಮಣ್ಣಿಗೆ ಉಜ್ಜಿ ಉಜ್ಜಿ ಕಿವಿಗಳು ಹಿಚುಕಿ ಬಿಟ್ಟ ಕಣಕದ ಉಂಡೆಗಳಾಗಿದ್ದವು. ಆ ಮುಖವನ್ನು ರುಹಿ ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಕುತ್ತಿಗೆಯಿಂದ ಕೆಳಗೆ ಮಾತ್ರ ಆತನ ಹೆಂಡತಿಗಿಂತ ಇವಳಿಗೇ ಹೆಚ್ಚು ಪರಿಚಯ.

ಬೆಳ್ಳಟ್ಟಿಯ ಹುಚ್ಚೀರಪ್ಪ ಪೈಲ್ವಾನ. ಹಿಂದಿನ ದಿನ ಮಧ್ಯಾಹ್ನ ಲಕ್ಷ್ಮೇಶ್ವರದ ಬಜಾರಿನಲ್ಲಿ ನಿಂತು, ತನ್ನ ತಲೆ ಕಡಿದ ಡಿಸೈನರನ ಬಲಗೈ ಮುರಿಯುವ ತನಕ ರೊಟ್ಟಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿದವ. ಆ ಡಿಸೈನರ್ ಯಾರೆಂದು ಆತನಿಗೆ ಗೊತ್ತಿರಲಿಲ್ಲ. ರುಹಿಗೆ ಗೊತ್ತಿತ್ತು, ಯಾಕೆಂದರೆ ಅದು ಅವಳೇ. ಈಗಷ್ಟೇ ಆತನನ್ನು ಚುಚ್ಚಿದ ಕೊಳವೆಯೊಳಗೆ ಸುತ್ತಿಟ್ಟದ್ದು ಆತನದೇ ಮೈ. ನಲವತ್ತು ಹಾಳೆ, ನಲವತ್ತು ಮೈ, ಒಂದೊಂದಕ್ಕೂ ಬೇರೆ ಬೇರೆ ತಲೆ.

ರುಹಿ ಶಿರಹಟ್ಟಿಯ ಪೇಂಟರ್ ಖಾಜಾಸಾಬನ ಮಗಳು. ಅಂಗಡಿ ಬೋರ್ಡು, ಟ್ರ್ಯಾಕ್ಟರಿನ ಹಿಂಬದಿ, ಶಾಲೆಯ ಗೋಡೆಯ ಮೇಲಿನ ನುಡಿಮುತ್ತು, ಎಲ್ಲಕ್ಕೂ ಆ ತಾಲೂಕಿನಲ್ಲಿ ಆತನದೇ ಬ್ರಷ್ಷು. ಅಕ್ಷರಕ್ಕೆ ಹೊಟ್ಟೆ ಇರಬೇಕು, ಬೊಜ್ಜು ಇರಬಾರದು ಎಂದು ಮಗಳಿಗೆ ಹೇಳಿಕೊಟ್ಟ. ಮೂರನೇ ಇಯತ್ತೆಯಲ್ಲಿ ಒಬ್ಬ ಹುಡುಗ, ನಿಮ್ಮಪ್ಪ ಬರೆದ ‘ಶ’ ಬಸುರಿ ಆಗೇತಿ ಅಂದದ್ದಕ್ಕೆ ಇವಳು ಅವನ ಮುಂಗೈ ಕಚ್ಚಿ, ಅವನಿಗೆ ನಾಲ್ಕು ಹೊಲಿಗೆ, ಇವಳಿಗೆ ನಾಲ್ಕು ಏಟು ಬಿದ್ದಿದ್ದವು. ರುಹಿ ಎಂದರೆ ಆತ್ಮಕ್ಕೆ ಸಂಬಂಧಪಟ್ಟದ್ದು ಎಂದು ತಾಯಿ ಅಮೀನಬಿ ಆಸೆಯಿಂದ ಇಟ್ಟ ಹೆಸರು. ಮಗಳು ಮೈಗೆ ಸಂಬಂಧಪಟ್ಟ ಕೆಲಸ ಹಿಡಿದಳು.

ಓದುತ್ತಿದ್ದದ್ದು ಗದಗಿನ ಒಂದು ಚಿತ್ರಕಲಾ ಕಾಲೇಜಿನಲ್ಲಿ, ಡಿಸೈನ್ ವಿಭಾಗ, ಕೊನೆಯ ವರ್ಷ. ಶನಿವಾರ, ರವಿವಾರ ಲಕ್ಷ್ಮೇಶ್ವರದ ಅಝೀಮನ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ. ಬ್ಯಾನರ್ ಮಾಡಿಸಲು ಬರುವ ದೊಡ್ಡ ಮಂದಿ ತರುವುದು ಪಾಸ್‌ಪೋರ್ಟ್ ಸೈಜಿನ ಫೋಟೋ, ಅದೂ ಆಧಾರ್ ಕಾರ್ಡಿನ ಮೇಲಿನದನ್ನು ಮೊಬೈಲಿನಲ್ಲಿ ಹೊಡೆದದ್ದು. ಅವರಿಗೆ ಬೇಕಾದದ್ದು ಆಳೆತ್ತರದ ನಿಲುವು, ಜನತೆಗೆ ಕೈ ಮುಗಿದು. ಅದಕ್ಕೇ ಎಲ್ಲ ಫ್ಲೆಕ್ಸ್ ಅಂಗಡಿಗಳಲ್ಲೂ ತಲೆ ಇಲ್ಲದ ಒಂದಿಷ್ಟು ಮೈಗಳು ಕಂಪ್ಯೂಟರಿನಲ್ಲಿ ತಯಾರಿರುತ್ತವೆ. ಕೋಟಿನದೊಂದು, ಜುಬ್ಬಾದ್ದೊಂದು, ಶಾಲು ಹೊದ್ದದ್ದೊಂದು. ಬಂದವರ ತಲೆ ಕತ್ತರಿಸಿ ಅದರ ಮೇಲಿಟ್ಟರೆ ನಾಯಕ ಸಿದ್ಧ.

ಅಝೀಮ ಮೊದಲಿನಿಂದಲೂ ಮೈಗಳ್ಳ. ಹೊಸ ಫೋಟೋ ತೆಗೆಯುವ ಬೇಸರಕ್ಕೆ ಅಕ್ಷರಶಃ ಮೈಗಳ್ಳನಾದ. ಅಂಗಡಿ ಸೇರಿದ ಮೊದಲ ವಾರ ರುಹಿಗೆ, ಹಳೆಯ ಫೋಟೋಗಳಲ್ಲಿ ಒಂದು ಚಲೋ ಮೈ ಹುಡುಕು ಅಂದ. ಅವಳು ಹುಡುಕಿದ್ದು ಹುಚ್ಚೀರಪ್ಪನದು. ಆರು ವರ್ಷದ ಹಿಂದೆ ಮುಂಡರಗಿಯ ಕಣದಲ್ಲಿ ಬೆಳ್ಳಿಗದೆ ಗೆದ್ದು, ಅಭಿನಂದನೆಯ ಬ್ಯಾನರಿಗೆಂದು ಅಝೀಮನಲ್ಲಿ ತೆಗೆಸಿಕೊಂಡ ಫೋಟೋ. ಗರಿಗರಿ ಬಿಳಿ ಅಂಗಿ, ಜರಿಯಂಚಿನ ಧೋತರ, ಮುಗಿದ ಕೈ, ಬೆಳ್ಳಿಯ ಕಡಗ. ಮೂರು ವರ್ಷದಲ್ಲಿ ಆ ಮೈ ಹೊತ್ತ ತಲೆಗಳು ನಾನೂರಾ ಹನ್ನೆರಡು. ಮುಂಡರಗಿಯ ಕಿರಾಣಿ ವರ್ತಕರು, ಬೆಟಗೇರಿಯ ನೇಕಾರ ಸಂಘದ ಕಾರ್ಯದರ್ಶಿ, ಸಕ್ಕರೆ ಕಾಯಿಲೆಯಿಂದ ಕಡ್ಡಿಯಾಗಿದ್ದ ಕಳಸಾಪುರದ ನಿವೃತ್ತ ಮಾಸ್ತರ ಮಾರ್ತಾಂಡರಾಯರು, ಎಲ್ಲರೂ ಬ್ಯಾನರಿನಲ್ಲಿ ನಲವತ್ತೆಂಟು ಇಂಚಿನ ಎದೆ ಉಬ್ಬಿಸಿ ನಿಂತರು. ಅದರಲ್ಲಿ ಹನ್ನೊಂದು ಮಂದಿ ಶ್ರದ್ಧಾಂಜಲಿಯವರು.

ಇದನ್ನೇ ರುಹಿ ತನ್ನ ಕೊನೆಯ ವರ್ಷದ ಕೆಲಸ ಮಾಡಿಕೊಂಡಳು. ನಾಲ್ಕು ಊರು ತಿರುಗಿ, ಕಂಬ ಕಂಬಕ್ಕೂ ನಿಂತು, ಒಂದೇ ಮೈಯ ಬ್ಯಾನರುಗಳ ಫೋಟೋ ತೆಗೆದು, ‘ಒಂದು ಮೈ, ನಾಲ್ಕು ಊರು’ ಎಂದು ಹೆಸರಿಟ್ಟಳು. ಗದಗಿನಲ್ಲಿ ಎರಡು ದಿನದ ರಾಜ್ಯ ಮಟ್ಟದ ಗ್ರಾಫಿಕ್ ಡಿಸೈನ್ ಸಮ್ಮೇಳನ ಎಂದಾಗ ಅವಳ ಪ್ರಾಧ್ಯಾಪಕಿ ಜಾಹ್ನವಿ ಮೇಡಂ ಅದನ್ನು ಕಳಿಸಿಕೊಟ್ಟರು. ವೇದಿಕೆಯ ಮೇಲೆ ಹತ್ತು ನಿಮಿಷ ಮಾತಾಡಲು ಮೂವರು ವಿದ್ಯಾರ್ಥಿಗಳಿಗೆ ಅವಕಾಶ, ಅದರಲ್ಲಿ ರುಹಿ ಒಬ್ಬಳು. ಮೂರು ವರ್ಷ ಅವಳ ಕೆಲಸ ಸರ್ಕಲ್ಲು ಸರ್ಕಲ್ಲಿಗೂ ನೇತಾಡಿತ್ತು. ಕೆಳಗಿನ ಮೂಲೆಯಲ್ಲಿ ಇರುತ್ತಿದ್ದದ್ದು ಅಝೀಮನ ಹೆಸರು, ಅಝೀಮನ ಫೋನ್ ನಂಬರು. ಇದನ್ನು ಮಾಡಿದ್ದು ನಾನು ಎಂದು ಬಾಯಿ ಬಿಡಲು ಜೀವಮಾನದಲ್ಲಿ ಸಿಕ್ಕದ್ದು ಈ ಹತ್ತು ನಿಮಿಷ.

ಅಷ್ಟರಲ್ಲಿ ಬೆಳ್ಳಟ್ಟಿಯ ಸೊಸೈಟಿ ಚುನಾವಣೆ ಬಂತು. ಹುಚ್ಚೀರಪ್ಪನ ಎದುರು ನಿಂತವ ಸಂಜೀವ. ಹದಿನೆಂಟು ವರ್ಷದ ದ್ವೇಷ, ನಡುವೆ ಹೊಲದ ಒಂದು ಬದು, ಎರಡು ಕೋರ್ಟು ಕೇಸು, ಮೂರು ಒಡೆದ ತಲೆ. ಸಂಜೀವ ಅಝೀಮನಿಗೆ ಬ್ಯಾನರ್ ಹೇಳಿ, ಮುಖದ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ. ಎಲ್ಲರಿಗೂ ಇಟ್ಟಂತೆ ರುಹಿ ಅವನ ತಲೆಯನ್ನೂ ಅದೇ ಮೈ ಮೇಲೆ ಇಟ್ಟಳು.

ಊರ ಅಗಸಿ ಬಾಗಿಲಿಗೆ ಕಟ್ಟಿದ ಬ್ಯಾನರಿನ ಮುಂದೆ ಹುಚ್ಚೀರಪ್ಪ ಮೊದಲು ನಕ್ಕಿದ್ದನಂತೆ, ಹುಳುಕು ಸಂಜೀವನಿಗೆ ಇಂಥ ಎದೆ ಎಲ್ಲಿಂದ ಬಂತು ಎಂದು. ಆಮೇಲೆ ಕಣ್ಣು ಕೆಳಗಿಳಿಯಿತು. ಮುಗಿದ ಕೈಯಲ್ಲಿ ಬಲಗಡೆಯ ಕಿರುಬೆರಳು ಸೊಟ್ಟ. ಮುಂಡರಗಿಯಲ್ಲಿ ಮುರಿದು, ಹಾಗೇ ಕೂಡಿಕೊಂಡ ಬೆರಳು. ಆತ ತನ್ನ ಬೆರಳು ನೋಡಿಕೊಂಡ, ಬ್ಯಾನರಿನದನ್ನು ನೋಡಿದ. ತನ್ನ ರುಂಡ ಕಡಿದು, ತನ್ನ ಮುಂಡದ ಮೇಲೆ ವೈರಿಯ ತಲೆ ಇಟ್ಟು, ಮತ ಕೊಡಿರೆಂದು ತನ್ನದೇ ಕೈ ಮುಗಿಸಿದ್ದಾರೆ.

ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ತೋರಿಸು ಎಂಬ ಪಾಠ ಬೆಳ್ಳಟ್ಟಿಯ ಸಿಲೆಬಸ್ಸಿನಲ್ಲಿ ಇರಲಿಲ್ಲ. ಹುಚ್ಚೀರಪ್ಪ ಕುಡಗೋಲು ಹಿಡಿದು ಲಕ್ಷ್ಮೇಶ್ವರಕ್ಕೆ ಹೋದ. ಅಂಗಡಿಯಲ್ಲಿ ನೇತಾಡುತ್ತಿದ್ದ ಬ್ಯಾನರುಗಳನ್ನೆಲ್ಲ ಸೀಳಿದ. ಪ್ರಿಂಟರಿನ ಹೊಟ್ಟೆಗೆ ಒದ್ದಾಗ ಅದು ನಾಲ್ಕು ಬಣ್ಣದ ರಕ್ತ ಕಾರಿತು. ಅಝೀಮ ಕಾರಿದ್ದು ಒಂದೇ ಬಣ್ಣ. ಎರಡು ಹಲ್ಲು ಹೋದವು, ಭುಜದ ಎಲುಬು ಹೋಯಿತು. ಕಡಿದವನಾರು ಎಂದು ಹುಚ್ಚೀರಪ್ಪ ಗಂಟಲ ಮೇಲೆ ಮೊಣಕಾಲಿಟ್ಟು ಕೇಳಿದಾಗ ಅಝೀಮ ಹೆಸರು ಬಿಡಲಿಲ್ಲ. ಆದರೆ ಗಂಟಲು ಬಿಡಿಸಿಕೊಳ್ಳಬೇಕಲ್ಲ. ನಾಳೆ ಗದಗಿನಲ್ಲಿ ಡಿಸೈನರ್ ಮಂದಿಯ ಸಭೆ, ಅಂವ ಅಲ್ಲಿರ್ತಾನ ಎಂದುಬಿಟ್ಟ. ಕೈ ಮುಗಿಯುವ ಫೋಟೋ ಹೀಗೆ ಕೈ ಮುರಿಯುವ ತನಕ ಬಂತು.

ಸಂಜೆ ದವಾಖಾನೆಯಿಂದ ರುಹಿಗೆ ಅಝೀಮನ ವಾಯ್ಸ್ ಮೆಸೇಜು ಬಂತು, ಹಲ್ಲು ಹೋದ ಬಾಯಿಂದ ಅರ್ಧ ಗಾಳಿ, ಅರ್ಧ ಮಾತು. ನಾಳೆ ಮನೆ ಬಿಟ್ಟು ಹೊರಡಬೇಡ. ಅಮೀನಬಿ ಮಗಳ ಚಪ್ಪಲಿ ಅಡಗಿಸಿಟ್ಟಳು. ಬ್ರಷ್ಷು ಹಿಡಿಯುವ ಕೈ ಹೋದರೆ ಏನಾಗುತ್ತದೆ ಗೊತ್ತೇನು ಎಂದು ಖಾಜಾಸಾಬ ಕೇಳಿದ. ಹೇಳುವ ಬಾಯಿ ಹೋದರೆ ಏನಾಗುತ್ತದೆ ಎಂದು ಮಗಳು ಕೇಳಿದಳು. ಬೆಳಿಗ್ಗೆ ತಾಯಿಯ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು.

ಬಸ್ಸಿನಲ್ಲಿ ಜಾಗ ಇದ್ದದ್ದು ಹುಚ್ಚೀರಪ್ಪನ ಪಕ್ಕದಲ್ಲಿ ಮಾತ್ರ. ಆತ ಸರಿದು ಕೂತ, ಸರಿದರೂ ಮುಕ್ಕಾಲು ಸೀಟು ಆತನದೇ. “ಕುಂಡ್ರು ತಂಗಿ. ಅದೇನು, ತೋಪಿನ ನಳಿಗಿ ಇದ್ದಂಗ ಐತಲ್ಲ?”

“ಚಾರ್ಟ್ ರೀ. ಕಾಲೇಜಿಂದು.”

ಕಾಲೇಜು ಎಂದದ್ದೇ ತಡ, ಆತ ಇವಳಿಂದ ಗದಗಿನ ದಾರಿ ಕೇಳಿದ. ಡಿಸೈನರ್ ಸಭೆ ಯಾವ ಹಾಲಿನಲ್ಲಿ, ಎಷ್ಟು ಹೊತ್ತಿಗೆ, ಬಾಗಿಲು ಎಷ್ಟು. ರುಹಿ ಎಲ್ಲವನ್ನೂ ಖರೆ ಹೇಳಿದಳು. ಸುಳ್ಳು ಹುಡುಕುವಷ್ಟು ನೆತ್ತರು ಆ ಹೊತ್ತು ಅವಳ ತಲೆಯಲ್ಲಿ ಇರಲಿಲ್ಲ. ಆತ ತನ್ನ ಕಥೆಯನ್ನೂ ಹೇಳಿದ. ಮೂರು ವರ್ಷದ ಹಿಂದೆ ಅದೇ ಮುಂಡರಗಿ ಕಣದಲ್ಲಿ, ಮೀಸೆ ಮೂಡದ ಒಬ್ಬ ಪೋರ ಆತನನ್ನು ಎತ್ತಿ ಹಾಕಿ ಮೊಣಕಾಲು ಮುರಿದಿದ್ದ. ಹಾಲು ಕಮ್ಮಿ ಕುಡಿದೆ, ವಯಸ್ಸಾತು ಎಂದುಕೊಂಡು ಸುಮ್ಮನಾಗಿದ್ದ. ನಿನ್ನೆ ಅಝೀಮನ ಅಂಗಡಿಯಲ್ಲಿ ಕಾರಣ ಸಿಕ್ಕಿತು: ಅದೇ ವರ್ಷದ ಹಳೆಯ ಬ್ಯಾನರೊಂದರಲ್ಲಿ ತನ್ನ ಮೈ ಮೇಲೆ ಸತ್ತವನೊಬ್ಬನ ತಲೆ, ಸುತ್ತ ಹೂವಿನ ಹಾರ.

“ಜೀವಂತ ಮನಷ್ಯಾನ ಮೈಗೆ ಹೆಣದ ತಲಿ ಹಚ್ಚತಾರ ಅಂದ್ರ,” ಎಂದು ಆತ ಕಿಟಕಿಯತ್ತ ನೋಡಿದ, “ಆ ಮೈ ಕುಸ್ತಿ ಹೆಂಗ ಗೆಲ್ತೈತಿ, ನೀನ ಹೇಳು.”

ರುಹಿ ಕೊಳವೆಯನ್ನು ಮಡಿಲಿಗೆ ಎಳೆದುಕೊಂಡಳು. ಆ ಶ್ರದ್ಧಾಂಜಲಿ ಆಕೆ ಮಾಡಿದ ಎರಡನೇ ಬ್ಯಾನರು. ಕೊಳವೆಯೊಳಗೆ ಮೇಲಿಂದ ಎರಡನೇ ಹಾಳೆ.

ಸೊರಟೂರ ಹತ್ತಿರ ಬಸ್ಸಿಗೆ ಒಂದು ಮೋಟರ್ ಸೈಕಲ್ ಅಡ್ಡ ಬಂದು ನಿಂತಿತು. ಸಂಜೀವನ ಅಳಿಯಂದಿರಿಬ್ಬರು. ಒಬ್ಬನ ಕೈಯಲ್ಲಿ ಹಾಕಿ ಕೋಲು, ಇನ್ನೊಬ್ಬನದು ಸೈಕಲ್ ಚೈನು. ಅಗಸಿಯ ಬ್ಯಾನರನ್ನು ಹುಚ್ಚೀರಪ್ಪ ಹರಿದು, ಸಂಜೀವನ ಮುಖಕ್ಕೆ ಸಗಣಿ ಬಳಿದ ಸಿಟ್ಟು. ಇಬ್ಬರೂ ಬಸ್ಸು ಹತ್ತಿ, ಮಾತಿಲ್ಲದೆ ಬೀಸಿದರು. ಚೈನು ಮೊದಲು ಕಂಡಕ್ಟರ್ ಅಲ್ಲಾಸಾಬನ ಹುಬ್ಬು ಸೀಳಿತು. ಅವನು ಟಿಕೆಟ್ ಮಷಿನ್ನಿನಿಂದ ತಿರುಗಿ ಬಾರಿಸಿದ. ಅದು ಆ ಹುಡುಗನ ಮೂಗಿನ ಮೇಲೆ ಬಿದ್ದು ಮೂಗೂ ಮುರಿಯಿತು, ಒಂದು ಫುಲ್ ಟಿಕೆಟೂ ಹರಿದು ಬಂತು. ಎರಡನೆಯವನ ಹಾಕಿ ಕೋಲು ಹುಚ್ಚೀರಪ್ಪನ ತಲೆಗೆಂದು ಎದ್ದು, ದಾರಿ ತಪ್ಪಿ ರುಹಿಯ ನೆತ್ತಿಗೆ ಬರುತ್ತಿತ್ತು. ಹುಚ್ಚೀರಪ್ಪ ಮುಂಗೈ ಅಡ್ಡ ಕೊಟ್ಟ. ಕೋಲು ಮುರಿಯಿತು. ಕೋಲು ಬೀಸಿದವನ ಸೊಂಟಕ್ಕೆ ಕೈ ಹಾಕಿ, ಚೀಲ ಎತ್ತುವಂತೆ ಎತ್ತಿ ಕಿಟಕಿಗೆ ಹೊಡೆದ. ಗಾಜು ಒಡೆದು ತಲೆ ಹೊರಗೆ ಹೋಯಿತು, ಮೈ ಒಳಗೇ ಉಳಿಯಿತು. ಬಸ್ಸಿನ ಮಂದಿ ಉಸಿರು ಬಿಡುವುದರೊಳಗೆ ಆತ ಮತ್ತೆ ಕೂತಿದ್ದ, ಮುಂಗೈ ಊದುತ್ತಿತ್ತು.

“ನಿನಗೇನು ಪೆಟ್ಟಾಗಿಲ್ಲಲಾ ತಂಗಿ?”

ಇಲ್ಲ ಎಂದು ರುಹಿ ತಲೆಯಾಡಿಸಿದಳು. ಕೊಳವೆಯ ಮೇಲೆ ಯಾರದೋ ರಕ್ತ ಸಿಡಿದಿತ್ತು, ಓಢಣಿಯಿಂದ ಒರೆಸಿದಳು. ಅಳಿಯಂದಿರಿಬ್ಬರನ್ನೂ ರಸ್ತೆಗಿಳಿಸಿ ಬಸ್ಸು ಗದಗ ಮುಟ್ಟಿತು.

ಸಮ್ಮೇಳನದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಬೆಂಗಳೂರಿನ ಹುಡುಗಿ ಹುಚ್ಚೀರಪ್ಪನನ್ನು ಮೇಲಿಂದ ಕೆಳಗೆ ನೋಡಿ, ಉದ್ಘಾಟನೆಗೆ ಕರೆಸಿದ ಜಾನಪದ ಕಲಾವಿದನೇ ಇರಬೇಕೆಂದು ಕೈ ಮುಗಿದಳು, ಕೊರಳಿಗೆ ಪ್ರತಿನಿಧಿಯ ಬಿಲ್ಲೆ ಹಾಕಿದಳು, ಕೈಗೊಂದು ಪೆನ್ನು, ಬಟ್ಟೆಯ ಚೀಲ ಕೊಟ್ಟಳು. ಆತ ಎರಡನೇ ಸಾಲಿನಲ್ಲಿ ಹೋಗಿ ಕೂತ, ಒಬ್ಬೊಬ್ಬರ ಬಲಗೈಯನ್ನೇ ನೋಡುತ್ತ. ರುಹಿ ಬಾಗಿಲ ಹತ್ತಿರ ನಿಂತಳು. ಹೊರಗೆ ಆಟೋಗಳಿದ್ದವು. ಹತ್ತಿ ಮನೆಗೆ ಹೋಗಬಹುದಿತ್ತು. ಪರದೆಯ ಪಕ್ಕದ ಪಟ್ಟಿಯಲ್ಲಿ ಅವಳ ಹೆಸರು ಮೂರನೆಯದು, ತಂದೆ ಬರೆಯುವಂಥ ದುಂಡನೆಯ ಅಕ್ಷರದಲ್ಲಿ ಅಲ್ಲದಿದ್ದರೂ, ದೊಡ್ಡದಾಗಿ ಇತ್ತು. ನಿಂತಲ್ಲೇ ನಿಂತಳು.

ವೇದಿಕೆಯ ಮೇಲೆ ಪುಣೆಯಿಂದ ಬಂದ ಮುಖ್ಯ ಅತಿಥಿ ಮಾತಾಡುತ್ತಿದ್ದರು. ಬೆಳ್ಳಗಿನ ಗಡ್ಡ, ದುಂಡನೆಯ ಕನ್ನಡಕ, ಹುಬ್ಬಳ್ಳಿಯಲ್ಲಿ ಕಳೆದ ಬಾಲ್ಯದ ಪುಣ್ಯದಿಂದ ಕನ್ನಡ. ಡಿಸೈನ್ ಎಂದರೆ ಸೇರಿಸುವುದಲ್ಲ, ಕತ್ತರಿಸುವುದು ಎಂದರು. ನಿರ್ದಯವಾಗಿ ಕತ್ತರಿಸಬೇಕು. ಮೂವತ್ತು ವರ್ಷದಿಂದ ನಾನು ಕತ್ತರಿಸುತ್ತಲೇ ಬಂದಿದ್ದೇನೆ.

ಹುಚ್ಚೀರಪ್ಪ ಎದ್ದ. ಇಷ್ಟು ಜಲ್ದಿ ಒಪ್ಪಿಕೊಳ್ಳುವ ಆರೋಪಿಯನ್ನು ಆತ ನಿರೀಕ್ಷಿಸಿರಲಿಲ್ಲ. ವೇದಿಕೆ ಹತ್ತಿ, ಅತಿಥಿಯ ಕೊರಳಪಟ್ಟಿ ಹಿಡಿದು ನೆಲದಿಂದ ಮೇಲೆತ್ತಿದ. ಮೊದಲ ಏಟಿಗೆ ಕನ್ನಡಕ ಹೋಯಿತು, ಎರಡನೆಯದಕ್ಕೆ ಹಲ್ಲು. ಅಂಗಿಗೆ ಸಿಕ್ಕಿಸಿದ್ದ ಮೈಕು ಒಂದೊಂದು ಏಟನ್ನೂ ಹಾಲಿನ ಎಂಟು ಸ್ಪೀಕರಿಗೆ ತಲುಪಿಸಿತು. ಸ್ವಯಂಸೇವಕನೊಬ್ಬ ಕ್ಯಾಮರಾದ ಮುಕ್ಕಾಲಿ ಎತ್ತಿ ಆತನ ಬೆನ್ನಿಗೆ ಬಾರಿಸಿದ. ಹುಚ್ಚೀರಪ್ಪ ಹಿಂದಕ್ಕೆ ಒದ್ದ ಒಂದು ಒದೆಗೆ ಅವನು ಹೂಕುಂಡಗಳ ಸಮೇತ ಕೆಳಗೆ ಬಿದ್ದು, ಏಳಲಿಲ್ಲ. ಅತಿಥಿಯ ಬಲಗೈ ಈಗ ಪೈಲ್ವಾನನ ಕಂಕುಳಲ್ಲಿತ್ತು.

“ಪೈಲ್ವಾನ್ರ, ಬಿಡ್ರಿ ಅವರ್ನ,” ಎಂದಳು ರುಹಿ. ಯಾವಾಗ ವೇದಿಕೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. “ಕಡದಾಕಿ ನಾನು.”

ಆತ ತಿರುಗಿಯೂ ನೋಡಲಿಲ್ಲ. ನೀ ಸುಮ್ನಿರು ತಂಗಿ ಎಂದ. ರುಹಿ ಕೊಳವೆಯ ಮುಚ್ಚಳ ಕಿತ್ತು ತಲೆಕೆಳಗು ಮಾಡಿದಳು. ನಲವತ್ತು ಹುಚ್ಚೀರಪ್ಪರು ಹಾಸಿಕೊಂಡು ಬಿದ್ದರು. ಎದೆ ಅದೇ, ಕಡಗ ಅದೇ, ಸೊಟ್ಟ ಕಿರುಬೆರಳು ಅದೇ. ಒಬ್ಬನಿಗೆ ವರ್ತಕನ ತಲೆ, ಒಬ್ಬನಿಗೆ ಮಾಸ್ತರನ ತಲೆ, ಹಾರ ಹಾಕಿದ ಒಬ್ಬನಿಗೆ ಹೆಣದ ತಲೆ. ಆತನ ಕೈ ಸಡಿಲಾಯಿತು. ಅತಿಥಿ ಜಾರಿ ಕೆಳಗೆ ಕೂತು, ಹಲ್ಲು ಹುಡುಕತೊಡಗಿದರು.

ಪೈಲ್ವಾನ ಬಹಳ ಹೊತ್ತು ಹಾಳೆಗಳನ್ನು ನೋಡಿದ. ಆಮೇಲೆ ಅವಳ ಮುಖ. ದನಿ ಇಳಿಸಿದ.

“ಹೆಣ್ಮಕ್ಕಳ ಮ್ಯಾಲೆ ಕೈ ಮಾಡಿದಾಂವ ಅಲ್ಲ ನಾ. ಅಝೀಮ ಮಾಡ್ಸಿದಾ, ನನಗೇನೂ ಗೊತ್ತಿಲ್ಲ ಅನ್ನು. ಅಂದು ಹೊಂಟೋಗು.”

ದಾರಿ ಸಾಕಷ್ಟು ಅಗಲವಿತ್ತು. ಅಝೀಮನೂ ಇಲ್ಲಿ ಇರಲಿಲ್ಲ, ಕಳೆದುಕೊಳ್ಳಲು ಅವನ ಬಾಯಲ್ಲಿ ಇನ್ನೂ ಹಲ್ಲುಗಳು ಉಳಿದಿದ್ದವು. ಮೂರು ವರ್ಷ ಮೂಲೆಯಲ್ಲಿ ಅವನ ಹೆಸರೇ ಇತ್ತು, ಇವತ್ತೂ ಇದ್ದರೆ ಯಾರೂ ಕೇಳುತ್ತಿರಲಿಲ್ಲ.

“ಇಲ್ರಿ,” ಎಂದಳು ರುಹಿ. “ನಾನೂರಾ ಹನ್ನೆರಡು ಬ್ಯಾನರ್. ಒಂದೂ ಬಿಡದ ನಾನ ಮಾಡಿದ್ದು.”

ಹುಚ್ಚೀರಪ್ಪ ಕಣ್ಣು ಮುಚ್ಚಿದ, ಅವಳ ಬಲಗೈ ಮಣಿಕಟ್ಟು ಹಿಡಿದ, ತಿರುವಿದ. ಒಣಗಿದ ತೊಗರಿ ಕಟ್ಟಿಗೆ ಮುರಿದ ಸದ್ದು. ಮೈಕು ಅದನ್ನೂ ಬಿಡಲಿಲ್ಲ.

ಆಮೇಲೆ ಆದದ್ದನ್ನು ಸಂವಾದ ಗೋಷ್ಠಿ ಎನ್ನಬೇಕು. ಇನ್ನೂರು ಮಂದಿ ಡಿಸೈನರುಗಳು, ಜೀವಮಾನದಲ್ಲಿ ಇಲಿಯನ್ನೂ, ಕಂಪ್ಯೂಟರಿನ ಇಲಿಯನ್ನು ಬಿಟ್ಟರೆ, ಹಿಡಿಯದವರು, ಒಮ್ಮೆಲೇ ಪೈಲ್ವಾನನ ಮೇಲೆ ಬಿದ್ದರು. ಕುರ್ಚಿ, ಮುಕ್ಕಾಲಿ, ಉದ್ಘಾಟನೆಗೆ ದೀಪ ಹಚ್ಚಿದ ಹಿತ್ತಾಳೆ ಸಮೆ, ಕೈಗೆ ಸಿಕ್ಕಿದ್ದು. ಆತ ತಿರುಗಿ ಹೊಡೆಯಲಿಲ್ಲ. ಆಣೆ ತೀರಿತ್ತು. ಕಿವಿ ಹರಿದು, ನೆತ್ತರು ಅಂಗಿಯ ಕೊರಳಿಗೆ ಇಳಿದು, ಪೋಲೀಸರಿಬ್ಬರು ಬಂದು ಹಗ್ಗ ಹಾಕುವ ತನಕ ಮಣ್ಣು ಕೊಡವಿಕೊಳ್ಳದ ಎತ್ತಿನಂತೆ ನಿಂತಿದ್ದ. ಜೀಪು ಬೇರೆಲ್ಲೋ ಹೋಗಿತ್ತು. ಬರುವ ತನಕ ಆತನನ್ನು ಹಿಂದಿನ ಸಾಲಿನಲ್ಲಿ ಕೂರಿಸಿಕೊಂಡರು.

ಜಾಹ್ನವಿ ಮೇಡಂ ರಟ್ಟಿನ ಕೊಳವೆಯನ್ನು ಕಟರಿನಿಂದ ಉದ್ದಕ್ಕೆ ಸೀಳಿ, ರುಹಿಯ ಕೈಗೆ ಎರಡೂ ಕಡೆ ಇಟ್ಟು, ಓಢಣಿಯಿಂದ ಬಿಗಿದು, ದವಾಖಾನೆಗೆ ನಡಿ ಎಂದರು. ರುಹಿಯ ತುಟಿ ಬಿಳುಚಿತ್ತು, ಕಚ್ಚಿಕೊಂಡ ಕಡೆ ರಕ್ತ. ನನ್ನ ಹತ್ತು ನಿಮಿಷ ಇನ್ನೂ ಆಗಿಲ್ಲರೀ ಮೇಡಂ ಅಂದಳು. ಮೇಡಂ ಬೈದರು, ಅತ್ತರು, ಕೊನೆಗೆ ಪರದೆ ಹಚ್ಚಲು ಹೇಳಿದರು.

ಉರುಳಿದ ಕುರ್ಚಿಗಳನ್ನು ಎತ್ತಿ ಮಂದಿ ಕೂತರು. ರುಹಿ ಎಡಗೈಯಿಂದ ಒಂದೊಂದೇ ಚಿತ್ರ ಸರಿಸಿದಳು. ಮುಂಡರಗಿಯ ಕಂಬ, ಬೆಟಗೇರಿಯ ಓಣಿ, ಲಕ್ಷ್ಮೇಶ್ವರದ ಬಜಾರು, ಶಿರಹಟ್ಟಿಯ ಸರ್ಕಲ್ಲು. ಹುಟ್ಟುಹಬ್ಬಕ್ಕೆ ಅದೇ ಮೈ, ಸಾವಿಗೆ ಅದೇ ಮೈ. ಇದನ್ನೆಲ್ಲ ಮಾಡಿದಾಕಿ ನಾನು, ರುಹಿ ಖಾಜಾಸಾಬ ಪೇಂಟರ್, ಎಂದು ಮೊದಲೊಮ್ಮೆ ಹೇಳಿದಳು, ಕೊನೆಗೊಮ್ಮೆ ಹೇಳಿದಳು. ನಡುವೆ ಎರಡು ಸಲ ನೋವಿಗೆ ಮೇಜು ಹಿಡಿದು ನಿಂತಳು. ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ. ತುಟಿಗೆ ಕರವಸ್ತ್ರ ಒತ್ತಿಕೊಂಡ ಮುಖ್ಯ ಅತಿಥಿಗಳೂ ಎದ್ದು ನಿಂತರು.

ರೂಢಿಯಂತೆ ನಿರೂಪಕ, ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದ. ಹಿಂದಿನ ಸಾಲಿನಲ್ಲಿ ಹಗ್ಗ ಕಟ್ಟಿದ ಎರಡು ಕೈ ಒಟ್ಟಿಗೇ ಮೇಲೆದ್ದವು. ಪೋಲೀಸರು ಕೆಳಗಿಳಿಸಲು ನೋಡಿದರು. ರುಹಿ, ಕೇಳಲಿ ಬಿಡ್ರಿ ಅಂದಳು.

ಹುಚ್ಚೀರಪ್ಪ ಎದ್ದು ನಿಂತ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಇನ್ನೊಂದು ಪರದೆಯ ಮೇಲಿನ ತನ್ನ ಎದೆಯನ್ನು ನೋಡುತ್ತಿತ್ತು, ಮೊಣಕಾಲು ಮುರಿಯುವುದಕ್ಕೆ ಮುಂಚಿನ ಎದೆ.

“ಅಲ್ಲ ತಂಗಿ, ಆ ಕಂಪ್ಯೂಟರನ್ಯಾಗ ಎಷ್ಟು ಮಂದಿ ಮೈ ಇದ್ದುವಲಾ. ಎಲ್ಲಾ ಬಿಟ್ಟು ನಂದನ ಯಾಕ ಆರಿಸ್ಕೊಂಡಿ? ಖರೆ ಹೇಳು.”

ಮುಂದಿನ ಸಾಲಿನವರು ಪೆನ್ನು ತೆಗೆದರು. ಪೈಲ್ವಾನ ಹಗ್ಗದೊಳಗೇ ಕೊಂಚ ನೆಟ್ಟಗಾದ.

ರುಹಿ ರಟ್ಟು ಕಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದುಕೊಂಡು, ನೆನಪು ಮಾಡಿಕೊಂಡಳು.

“ನಿಮ್ಮ ಹಿಂದ ಬಿಳಿ ಗ್ವಾಡಿ ಇತ್ರಿ,” ಎಂದಳು. “ಕತ್ತರಸಾಕ ಸಲೀಸ ಆತು.”